ಸೊಲ್ಲು ಕೂಡಿಸೋಣ ಬನ್ನಿ

ಮಕ್ಕಳೇ, ನಮ್ಮ ಹರದನಹಳ್ಳಿ ಸೀಮೆಯಲ್ಲಿ ಮಂಟೇಸ್ವಾಮಿ, ಮಾದಪ್ಪನ ಕಥೆಗಳನ್ನು ಹಾಡುವುದು ಮೇಳ. ನೀಲಗಾರರ ಮುಂದಾಳು ತಂಬೂರಿ ಮೀಟುತ್ತಾ ಕಥೆ ಎತ್ತಿದರೆ, ಹಿಮ್ಮೇಳದವರು ಡಕ್ಕೆ, ತಾಳದೊಡನೆ ಸೊಲ್ಲು ಕೂಡಿಸುತ್ತಾರೆ. ಆಗಲೇ ಮುಂದಾಳು ಉಸಿರು ಎಳೆದುಕೊಂಡು ಮುಂದಿನ ಸಾಲು ನೆನೆಯುವುದು. ಸೊಲ್ಲು ನಿಂತರೆ ರಾತ್ರಿಯಿಡೀ ಸಾಗುವ ಕಥೆಯೂ ನಿಂತಂತೆ!

ಹೆಬ್ಬಣಿ ಮಾದಯ್ಯ ಮತ್ತು ಅವರ ಮೇಳ ಹಾಡಿದ ಮಾದೇಶ್ವರ ಕಾವ್ಯವನ್ನು 2001ರಲ್ಲಿ ಸಾಹಿತ್ಯ ಅಕಾಡೆಮಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಆದರೆ ಪುಸ್ತಕಕ್ಕೆ ದನಿಯಿಲ್ಲ. ದನಿ ಕಿವಿಯಿಂದ ಬಾಯಿಗೇ ದಾಟಬೇಕು. ಚಿಕ್ಕಂದಿನಲ್ಲಿ ನಾನು ಸೊಲ್ಲು ಕಲಿತದ್ದೂ ದೊಡ್ಡವರ ಬೆನ್ನ ಹಿಂದೆ ಕೂತೇ. ಆ ಜಾಗದಲ್ಲಿ ಈಗ ಮಕ್ಕಳು ಕಡಿಮೆ.

ಅಜ್ಜ-ಅಜ್ಜಿಯರೇ, ಚಿಕ್ಕಲ್ಲೂರು ಜಾತ್ರೆಗೆ ಹೊರಟಾಗ ಮೊಮ್ಮಕ್ಕಳನ್ನೂ ಕರೆದೊಯ್ಯಿರಿ. ಮೇಳದ ಹತ್ತಿರವೇ ಕೂರಿಸಿ. ಸೊಲ್ಲು ತಾನಾಗಿ ನಾಲಿಗೆಗೆ ಬರುತ್ತದೆ.