ಐಸ್ ತೊಟ್ಟಿ ತುಂಬುವವರ ಓದು

ಆಗಸ್ಟ್ ತಿಂಗಳು. ಅಮೆರಿಕದ ಎಷ್ಟೋ ಕಾಲೇಜುಗಳಲ್ಲಿ ಪಾಠ ಇನ್ನೂ ಶುರುವಾಗಿರುವುದಿಲ್ಲ, ಫುಟ್‌ಬಾಲ್ ಅಭ್ಯಾಸ ಮಾತ್ರ ಜೋರಾಗಿರುತ್ತದೆ. ಅವರ ಫುಟ್‌ಬಾಲ್ ಬೇರೆ. ತಲೆಗೆ ಹೆಲ್ಮೆಟ್, ಭುಜಕ್ಕೆ ಪ್ಯಾಡು ಕಟ್ಟಿಕೊಂಡು ಒಬ್ಬರ ಮೇಲೊಬ್ಬರು ಎರಗುವ ಆಟ. ಆಟಗಾರರು ಬರುವ ಮುಂಚೆಯೇ ವಿದ್ಯಾರ್ಥಿನಿಯೊಬ್ಬಳು ಮೈದಾನದ ಅಂಚಿನ ನೆರಳಲ್ಲಿ ದನಗಳಿಗೆ ನೀರಿಡುವಂಥ ದೊಡ್ಡ ತೊಟ್ಟಿಗೆ ಪೈಪಿನಿಂದ ನೀರು ಬಿಡುತ್ತಿರುತ್ತಾಳೆ. ಪಕ್ಕದಲ್ಲಿ ಡಬ್ಬಗಟ್ಟಲೆ ಐಸ್, ಒಂದಿಷ್ಟು ಟವೆಲ್, ಒಂದು ಬೆಡ್‌ಶೀಟು. ಬಹುತೇಕ ದಿನ ಆ ತೊಟ್ಟಿಗೆ ಯಾರೂ ಇಳಿಯುವುದಿಲ್ಲ. ಸಂಜೆ ಅವಳೇ ಅದನ್ನು ಬಗ್ಗಿಸಿ ನೀರು ಚೆಲ್ಲುತ್ತಾಳೆ, ಮರುದಿನ ಮತ್ತೆ ತುಂಬುತ್ತಾಳೆ. ಅವಳು ಓದುತ್ತಿರುವುದು ಸ್ನಾತಕೋತ್ತರ ಪದವಿಗೆ.

ಆ ಓದಿನ ಹೆಸರು ಅಥ್ಲೆಟಿಕ್ ಟ್ರೈನಿಂಗ್. ಹೆಸರು ಕೇಳಿ ಜಿಮ್ಮಿನಲ್ಲಿ ಡಂಬೆಲ್ ಎತ್ತಿಸುವವರನ್ನು ನೆನೆಯಬೇಡಿ. ಬರೀ 'ಟ್ರೈನರ್' ಎಂದು ಕರೆದರೆ ಈ ಮಂದಿ ಮುಖ ಸಿಂಡರಿಸುತ್ತಾರೆ. ಇವರು ಆಟ ಕಲಿಸುವವರಲ್ಲ. ಪೆಟ್ಟಾಗದಂತೆ ನೋಡಿಕೊಳ್ಳುವುದು, ಪೆಟ್ಟಾದರೆ ಅಲ್ಲೇ ಪರೀಕ್ಷಿಸುವುದು, ವೈದ್ಯರ ಜತೆ ಸೇರಿ ಆರೈಕೆ ಮಾಡಿ ಆಟಗಾರನನ್ನು ಮತ್ತೆ ಮೈದಾನಕ್ಕೆ ಇಳಿಸುವುದು, ಅಥವಾ ಇಳಿಯಲು ಬಿಡದಿರುವುದು ಇವರ ಕೆಲಸ. ಆ ಕೊನೆಯದೇ ಕಷ್ಟದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ತೊಟ್ಟಿಯ ಮಾತು. ಸೆಕೆಯಲ್ಲಿ ಓಡಿ ಓಡಿ ಕುಸಿದವನ ಒಳಮೈ ತಾಪ 40.5 ಡಿಗ್ರಿ ಸೆಲ್ಸಿಯಸ್ ದಾಟಿ, ಅವನು ಏನೇನೋ ಬಡಬಡಿಸತೊಡಗಿದರೆ ಉಳಿದಿರುವುದು ಅರ್ಧ ಗಂಟೆ. ಅಷ್ಟರೊಳಗೆ ತಾಪ ಇಳಿಯದಿದ್ದರೆ ಮಿದುಳು, ಯಕೃತ್ತು, ಮೂತ್ರಪಿಂಡ ಒಂದೊಂದಾಗಿ ಕೈಕೊಡುತ್ತವೆ. ಬೆಡ್‌ಶೀಟನ್ನು ಕಂಕುಳಡಿಯಲ್ಲಿ ಸುತ್ತಿ ಹಿಡಿದು, ತಲೆ ಮುಳುಗದಂತೆ, ಕತ್ತಿನವರೆಗೆ ಐಸ್ ನೀರಿನಲ್ಲಿ ಕೂರಿಸಬೇಕು. ಆಂಬುಲೆನ್ಸ್ ಬಂದರೂ ಕಾಯಬೇಕು. ಮೊದಲು ತಂಪು, ಆಮೇಲೆ ಆಸ್ಪತ್ರೆ. ಯಾರಾದರೂ ಬಿದ್ದರೆ ಸಿಕ್ಕ ಆಟೊ ಹತ್ತಿಸಿ ಓಡುವ ನಮಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಮ್ಯಾಸಚೂಸೆಟ್ಸಿನ ಫಾಲ್ಮತ್ ಎಂಬಲ್ಲಿ ಬೇಸಿಗೆಯಲ್ಲಿ ನಡೆಯುವ ರಸ್ತೆ ಓಟದ ಲೆಕ್ಕ ನೋಡಿ: 18 ವರ್ಷಗಳಲ್ಲಿ ಹೀಗೆ ಕುಸಿದ 274 ಓಟಗಾರರನ್ನು ಅಲ್ಲೇ ಐಸ್ ನೀರಿನಲ್ಲಿ ಮುಳುಗಿಸಿದರು. ಒಬ್ಬರೂ ಸಾಯಲಿಲ್ಲ. ಇದೇ ಉಷ್ಣಾಘಾತದಿಂದ 2001ರ ಆಗಸ್ಟ್ 1ರಂದು ಮಿನ್ನೆಸೋಟ ವೈಕಿಂಗ್ಸ್ ಫುಟ್‌ಬಾಲ್ ತಂಡದ ಆಟಗಾರ ಕೋರಿ ಸ್ಟ್ರಿಂಗರ್ ತೀರಿಕೊಂಡರು. ಅವರ ಹೆಸರಿನ ಸಂಶೋಧನಾ ಸಂಸ್ಥೆ 2010ರಿಂದ ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿದೆ.

ತಾಪ ಅಳೆಯುವುದೂ ಒಂದು ಪಾಠ. ಬೆವರಿದ ಹಣೆ, ಏದುಸಿರಿನ ಬಾಯಿ, ಕಿವಿ ಯಾವುದೂ ನಿಜ ಹೇಳುವುದಿಲ್ಲ, ಗುದದ್ವಾರದಲ್ಲೇ ಅಳೆಯಬೇಕು. ಮೊದಲ ದಿನ ತರಗತಿ ಕಿಸಕ್ಕೆಂದು ನಗುತ್ತದಂತೆ, ಎರಡನೆಯ ದಿನ ಯಾರೂ ನಗುವುದಿಲ್ಲವಂತೆ.

ಈ ವಿದ್ಯೆಯ ಬೇರು ಮಾತ್ರ ನಮಗೆ ತೀರ ಪರಿಚಿತವಾದ ಕಡೆ ಇದೆ: ಎಣ್ಣೆ ಹಚ್ಚಿ ತಿಕ್ಕುವುದರಲ್ಲಿ. ಕಾನ್ಸಾಸಿನ ಚಕ್ ಕ್ರೇಮರ್ ಎಂಬಾತ ತನ್ನದೇ ಉಳುಕಿದ ಕಾಲಿಗೆಂದು ಒಂದು ಲೇಪ ಕಲೆಸಿಕೊಂಡ. 1918ರಲ್ಲಿ ಗಾರ್ಡ್ನರ್ ಎಂಬ ಊರಿನಲ್ಲಿ ಸಹೋದರನ ಜತೆ ಸೇರಿ ಅದನ್ನು ಮಾರತೊಡಗಿದ. ಕ್ರೇಮರ್ ಕಂಪನಿ ಊರೂರಿನ ತಂಡಗಳಿಗೆ ಲೇಪದ ಜತೆಗೆ ಶುಶ್ರೂಷೆಯ ತಿಳಿವಳಿಕೆಯನ್ನೂ ಹಂಚಿತು. ಗರಡಿಮನೆಯ ಉಸ್ತಾದರು ಉಳುಕು ತೆಗೆಯುವುದಕ್ಕೂ ಇದಕ್ಕೂ ಆಗ ಬಹಳ ದೂರವೇನೂ ಇರಲಿಲ್ಲ. 1950ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಅಥ್ಲೆಟಿಕ್ ಟ್ರೈನರ್‌ಗಳ ರಾಷ್ಟ್ರೀಯ ಸಂಘ ಹುಟ್ಟಿತು. 1990ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘ ಇದನ್ನು ಆರೋಗ್ಯ ವೃತ್ತಿಯೆಂದು ಒಪ್ಪಿತು. 2022ರ ನಂತರ ಪದವಿ ಮಟ್ಟದ ಕೋರ್ಸುಗಳಿಗೆ ಹೊಸ ಪ್ರವೇಶ ನಿಂತು, ಈಗ ಸ್ನಾತಕೋತ್ತರ ಓದು ಕಡ್ಡಾಯವಾಗಿದೆ. ಅದನ್ನು ಮುಗಿಸಿ ರಾಷ್ಟ್ರೀಯ ಪರೀಕ್ಷೆ ಪಾಸಾದರೆ ಪ್ರಮಾಣಪತ್ರ.

ಓದಿನಲ್ಲಿ ಪುಸ್ತಕಕ್ಕಿಂತ ಬೆರಳಿಗೆ ಹೆಚ್ಚು ಕೆಲಸ. ಸಹಪಾಠಿಯೇ ಪ್ರಯೋಗಪಶು. ಅವನ ಮಂಡಿಯನ್ನು 20–30 ಡಿಗ್ರಿ ಬಾಗಿಸಿ, ತೊಡೆಯನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಿಂದ ಮೊಣಕಾಲ ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆಯಬೇಕು. ಒಳಗಿನ ಅಸ್ಥಿರಜ್ಜು ಸರಿಯಿದ್ದರೆ ಹಗ್ಗ ಬಿಗಿದಂತೆ ಟಕ್ಕನೆ ನಿಲ್ಲುತ್ತದೆ, ಹರಿದಿದ್ದರೆ ನಿಲ್ಲುವ ಜಾಗವೇ ಸಿಗುವುದಿಲ್ಲ. ಲ್ಯಾಕ್‌ಮನ್ ಪರೀಕ್ಷೆ ಎನ್ನುತ್ತಾರೆ. ಪೆಟ್ಟು ಬಿದ್ದ ಮೊದಲ ಕೆಲವು ನಿಮಿಷ ಇದಕ್ಕೆ ಸಕಾಲ. ತಡವಾದರೆ ಮಂಡಿ ಊದಿ, ತೊಡೆಯ ಹಿಂದಿನ ಸ್ನಾಯು ಸೆಟೆದುಕೊಂಡು ಸತ್ಯ ಮುಚ್ಚಿಹೋಗುತ್ತದೆ. ಮರುದಿನ ಆಸ್ಪತ್ರೆಯಲ್ಲಿ ಮಂಡಿ ಮುಟ್ಟುವ ತಜ್ಞರಿಗೆ ಇಲ್ಲದ ಅನುಕೂಲ ಮೈದಾನದ ಬದಿಯಲ್ಲಿ ನಿಂತವರಿಗಿದೆ.

ಹಿಮ್ಮಡಿಗಂಟಿಗೂ ಹೀಗೆಯೇ ಒಂದು ಸೂತ್ರವಿದೆ. 1992ರಲ್ಲಿ ಕೆನಡಾದ ಒಟ್ಟಾವದಲ್ಲಿ ರೂಪಿಸಿದ್ದು. ಎರಡೂ ಬದಿಯ ಗಂಟುಮೂಳೆಯ ಹಿಂಬದಿಯನ್ನು ಕೆಳಗಿನಿಂದ 6 ಸೆಂಟಿಮೀಟರ್‌ವರೆಗೆ, ಪಾದದ ಇನ್ನೆರಡು ಜಾಗಗಳನ್ನು ಒತ್ತಿ ನೋಡು, ನಾಲ್ಕು ಹೆಜ್ಜೆ ನಡೆಸು. ಮೂಳೆಯ ಮೇಲೆ ನೋವಿಲ್ಲ, ನಡೆಯಲೂ ಆಗುತ್ತದೆ ಎಂದರೆ ಎಕ್ಸ್-ರೇ ಬೇಡ. ಹುಣಸೆಹಣ್ಣು-ಉಪ್ಪಿನ ಪಟ್ಟು ಹಾಕುವ ಮುಂಚೆ, ಪುತ್ತೂರು ಕಟ್ಟಿಗೆ ಬಸ್ ಹತ್ತುವ ಮುಂಚೆ ನಮಗೂ ಇಷ್ಟು ಗೊತ್ತಿದ್ದರೆ ನಷ್ಟವಿಲ್ಲ.

ಇನ್ನು ಟೇಪು. ಒಂದೂವರೆ ಇಂಚು ಅಗಲದ ಬಿಳಿ ಪಟ್ಟಿಯನ್ನು ಹಿಮ್ಮಡಿಗಂಟಿನ ಸುತ್ತ ಎಂಟರ ಆಕಾರದಲ್ಲಿ ಸುತ್ತುತ್ತಾರೆ. ಒಂದು ಸುಕ್ಕು ಉಳಿದರೂ ಗುಳ್ಳೆ ಏಳುತ್ತದೆ, ಬಿಗಿ ಹೆಚ್ಚಾದರೆ ಬೆರಳು ಮರಗಟ್ಟುತ್ತವೆ. ನೂರಾರು ಕಾಲು ಸುತ್ತಿದ ಮೇಲೆ ಕೈ ಕೂರುತ್ತದೆ. ತಮಾಷೆಯೆಂದರೆ ಅಷ್ಟು ಕಷ್ಟಪಟ್ಟು ಸುತ್ತಿದ್ದು ಆಟ ಶುರುವಾದ ಅರ್ಧ ಗಂಟೆಯೊಳಗೇ ಸಾಕಷ್ಟು ಸಡಿಲವಾಗುತ್ತದೆ. ಪಾಠವೂ ಹಾಗೆಯೇ ಸಡಿಲವಾಗುತ್ತದೆ. ವಿಶ್ರಾಂತಿ, ಐಸ್, ಒತ್ತುಪಟ್ಟಿ, ಕಾಲೆತ್ತಿ ಇಡುವುದು ಎಂಬ ನಾಲ್ಕು ಸೂತ್ರಗಳಿಗೆ 1978ರಲ್ಲಿ 'ರೈಸ್' ಎಂದು ಹೆಸರಿಟ್ಟ ವೈದ್ಯ ಗೇಬ್ ಮಿರ್ಕಿನ್, ಐಸ್ ಮತ್ತು ಪೂರ್ಣ ವಿಶ್ರಾಂತಿ ವಾಸಿಯಾಗುವುದನ್ನು ನಿಧಾನಗೊಳಿಸಬಹುದು ಎಂದು ಮುಂದೆ ತಾವೇ ಬರೆದರು. ನಮ್ಮ ಪಿ.ಟಿ. ಮೇಷ್ಟ್ರುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಈಗ ಆ ಕಷ್ಟದ ಕೆಲಸ, 'ಆಡಬೇಡ' ಎನ್ನುವುದು. ತಲೆಗೆ ಪೆಟ್ಟು ಬಿದ್ದ ಹುಡುಗ 'ಏನೂ ಆಗಿಲ್ಲ' ಎನ್ನುತ್ತಾನೆ. ತಿಂಗಳ ಹೆಸರುಗಳನ್ನು ಹಿಂದಿನಿಂದ ಹೇಳು ಎಂದರೆ ಡಿಸೆಂಬರ್, ನವೆಂಬರ್ ಎಂದು ತಡವರಿಸುತ್ತಾನೆ. ಋತು ಶುರುವಾಗುವ ಮುನ್ನ ನಡೆಸುವ ಇಂಥದೇ ಪರೀಕ್ಷೆಯಲ್ಲಿ ಕೆಲವರು ಬೇಕೆಂದೇ ತಪ್ಪು ಉತ್ತರ ಕೊಟ್ಟಿರುತ್ತಾರೆ. ಮುಂದೆ ತಲೆಗೆ ಪೆಟ್ಟಾದಾಗ ವ್ಯತ್ಯಾಸ ಕಾಣಬಾರದಲ್ಲ! ಅದನ್ನು ಹಿಡಿಯುವುದನ್ನೂ ವಿದ್ಯಾರ್ಥಿ ಕಲಿಯಬೇಕು. ಒಮ್ಮೆ ಹೊರಗಿಟ್ಟರೆ ವಾಪಸು ಬರಲು ಆರು ಮೆಟ್ಟಿಲು, ಒಂದೊಂದಕ್ಕೂ ಕನಿಷ್ಠ ಒಂದು ದಿನ. ಅತ್ತ ಕೋಚ್ ಗಡಿಯಾರ ನೋಡುತ್ತಿರುತ್ತಾನೆ, ಗ್ಯಾಲರಿಯಲ್ಲಿ ಅಪ್ಪ ಎದ್ದು ನಿಂತಿರುತ್ತಾನೆ. ತಲೆಪೆಟ್ಟಿನ ಅನುಮಾನವಿದ್ದವನನ್ನು ಹೊರಗಿಡಬೇಕೆಂದು ವಾಷಿಂಗ್ಟನ್ ರಾಜ್ಯ 2009ರಲ್ಲಿ ಕಾನೂನು ಮಾಡಿತು, ಉಳಿದ ರಾಜ್ಯಗಳು ಹಿಂಬಾಲಿಸಿದವು. ಆರೋಗ್ಯದ ವಿಷಯದಲ್ಲಿ ಕೋಚ್ ತಲೆಹಾಕುವಂತಿಲ್ಲ ಎಂಬ ನಿಯಮವನ್ನು ಕಾಲೇಜು ಕ್ರೀಡೆಯ ದೊಡ್ಡ ಒಕ್ಕೂಟಗಳು ಒಪ್ಪಿದ್ದು 2016ರಲ್ಲಿ. ಅಷ್ಟು ತಡವಾಗಿದ್ದೇ ಆ ಒತ್ತಡ ಎಂಥದ್ದೆಂದು ಹೇಳುತ್ತದೆ.

2023ರ ಜನವರಿ 2ರ ರಾತ್ರಿ ಸಿನ್ಸಿನಾಟಿಯಲ್ಲಿ ಬಫಲೊ ಬಿಲ್ಸ್ ಫುಟ್‌ಬಾಲ್ ತಂಡದ ಡಮಾರ್ ಹ್ಯಾಮ್ಲಿನ್ ಎದುರಾಳಿಗೆ ಡಿಕ್ಕಿ ಹೊಡೆದು, ಎದ್ದು ನಿಂತು, ಹಿಂದಕ್ಕೆ ಬಿದ್ದರು. ಹೃದಯ ನಿಂತಿತ್ತು. ಬಡಿತದ ಒಂದು ಕ್ಷಣಾರ್ಧದಲ್ಲಿ ಎದೆಗೆ ಪೆಟ್ಟು ಬಿದ್ದರೆ ಹೀಗಾಗಬಹುದು. ಎದೆ ಒತ್ತಲು ಶುರುಮಾಡಿದವರು ತಂಡದ ಸಹಾಯಕ ಅಥ್ಲೆಟಿಕ್ ಟ್ರೈನರ್ ಡೆನಿ ಕೆಲ್ಲಿಂಗ್ಟನ್. ವಿದ್ಯುತ್ ಆಘಾತ ಕೊಡುವ ಯಂತ್ರವೂ ಅಲ್ಲೇ ಇತ್ತು. ಆ ತಂಡ ಆಡುವ ವೃತ್ತಿಪರ ಫುಟ್‌ಬಾಲ್ ಲೀಗಿನಲ್ಲಿ ಪ್ರತಿ ಪಂದ್ಯಕ್ಕೆ ಒಂದು ಗಂಟೆ ಮುಂಚೆ ಎರಡೂ ತಂಡಗಳ ವೈದ್ಯಕೀಯ ಸಿಬ್ಬಂದಿ ಸೇರಿ ಯಾರು ಎಲ್ಲಿ ನಿಲ್ಲಬೇಕು, ಆಂಬುಲೆನ್ಸ್ ಎಲ್ಲಿದೆ ಎಂದು ಮಾತಾಡಿಕೊಂಡಿರುತ್ತಾರೆ. ಹ್ಯಾಮ್ಲಿನ್ ಅದೇ ವರ್ಷ ಮತ್ತೆ ಆಡಿದರು.

ಇಷ್ಟಾದರೂ ಅಲ್ಲಿನ ಪ್ರೌಢಶಾಲೆಗಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ಇಂಥವರ ಸೇವೆಯಿಲ್ಲ. ನಮ್ಮಲ್ಲಿ ಈ ವೃತ್ತಿಯೇ ಬೇರೆಯಾಗಿ ಬೆಳೆದಿಲ್ಲ. ಬಿಪಿಟಿ ಮುಗಿಸಿ ಎಂಪಿಟಿಯಲ್ಲಿ ಕ್ರೀಡಾ ವಿಭಾಗ ಓದಿದ ಫಿಸಿಯೊಗಳು ದೊಡ್ಡ ತಂಡಗಳ ಜತೆಗಿರುತ್ತಾರೆ. ಊರ ಹೊನಲು ಬೆಳಕಿನ ಕಬಡ್ಡಿಯಲ್ಲಿ ಮಂಡಿ ತಿರುಚಿದವನ ಪಕ್ಕ ಸ್ಪ್ರೇ ಹಿಡಿದ ಗೆಳೆಯನಿರುತ್ತಾನೆ.

ಅಮೆರಿಕದ ಆ ಕೋರ್ಸಿನ ಒಂದು ಕೆಲಸ ನನಗೆ ಎಲ್ಲಕ್ಕಿಂತ ಹಿಡಿಸಿತು. ಒಂದು ಮೈದಾನ ಆರಿಸಿಕೊಂಡು ಅದರ ತುರ್ತು ಯೋಜನೆ ಬರೆಯಬೇಕು. ಫೋನ್ ಮಾಡುವವರು ಯಾರು, ವಿದ್ಯುತ್ ಆಘಾತದ ಯಂತ್ರ ತರುವವರು ಯಾರು, ಆಂಬುಲೆನ್ಸಿಗೆ ದಾರಿ ತೋರಲು ರಸ್ತೆಗೆ ಓಡುವವರು ಯಾರು. ಬರೆದುಕೊಂಡು ಬಂದರೆ ಮೇಷ್ಟ್ರು ಕೇಳುವ ಪ್ರಶ್ನೆ: ಹಿಂದಿನ ಗೇಟಿನ ಬೀಗದ ಕೈ ಯಾರ ಹತ್ತಿರ ಇದೆ? ವಿದ್ಯಾರ್ಥಿ ಮತ್ತೆ ಮೈದಾನಕ್ಕೆ ಹೋಗಿ, ಕಾವಲುಗಾರನನ್ನು ಹುಡುಕಿ, ಅವನ ಪಾಳಿ ಎಷ್ಟು ಗಂಟೆಗೆ ಮುಗಿಯುತ್ತದೆಂದು ಕೇಳಿಕೊಂಡು ಬರಬೇಕು.