ರಾಯಣ್ಣನ ‘ಅಸಲಿ ಫೋಟೊ’

ಪ್ರಶ್ನೆ: ವಾಟ್ಸ್ಆ್ಯಪ್‌ನಲ್ಲಿ ಬರುವ ಸಂಗೊಳ್ಳಿ ರಾಯಣ್ಣನ ‘ಅಸಲಿ ಫೋಟೊ’ ನಿಜವೇ?

ಉತ್ತರ: ಸಾಧ್ಯವೇ ಇಲ್ಲ. ಬ್ರಿಟಿಷರು ತಮ್ಮ ವಿರುದ್ಧ ಬಂಡೆದ್ದ ರಾಯಣ್ಣನನ್ನು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಛಾಯಾಚಿತ್ರ ಕಲೆ ಪ್ಯಾರಿಸ್ಸಿನಲ್ಲಿ ಲೋಕಕ್ಕೆ ಪ್ರಕಟವಾದದ್ದೇ 1839ರಲ್ಲಿ. ಬೆಳಗಾವಿಯ ಮೊಬೈಲುಗಳಲ್ಲಿ ಓಡಾಡುವ ಆ ಮುಖ ಯಾವುದೋ ಕಲಾವಿದನ ಕಲ್ಪನೆ; ಕೆಲವು ಸಲ ರಾಯಣ್ಣನ ಕುರಿತ 2012ರ ಸಿನಿಮಾದ ನಟನದ್ದೇ! ಮೂಲ ಯಾವುದೆಂಬ ಮಾಹಿತಿ ಮೊದಲ ಫಾರ್ವರ್ಡ್‌ನಲ್ಲೇ ಉದುರಿಹೋಗುತ್ತದೆ, ಚಿತ್ರ ಮಾತ್ರ ಉಳಿಯುತ್ತದೆ.

‘ಇರಲಿ ಬಿಡಿ, ಹೀಗಾದರೂ ಜನ ನೆನೆಯುತ್ತಾರಲ್ಲ’ ಎನ್ನಬಹುದು. ನಂದಗಡದ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳ ಭಾಗ್ಯ ಬೇಡಿ ತೊಟ್ಟಿಲು ಕಟ್ಟುವವರ ಬಳಿಯೂ ದಾಖಲೆಯಿಲ್ಲ, ಒಪ್ಪುತ್ತೇನೆ. ಆದರೆ ತೊಟ್ಟಿಲು ತಾನು ಪುರಾವೆಯೆಂದು ಹೇಳಿಕೊಳ್ಳುವುದಿಲ್ಲ. ‘ಅಸಲಿ ಫೋಟೊ’ ಹೇಳಿಕೊಳ್ಳುತ್ತದೆ. ಇನ್ನೊಂದು ನಷ್ಟವೂ ಇದೆ. ಆಗಸ್ಟ್ 15ಕ್ಕೆ ಹುಟ್ಟು, ಜನವರಿ 26ಕ್ಕೆ ಗಲ್ಲು ಎಂಬ ದಿನಾಂಕಗಳ ಕಾಕತಾಳೀಯವೇ ಆ ಫೋಟೊ ಇರುವ ಪೋಸ್ಟರಿನಲ್ಲಿ ವರ್ಷಕ್ಕೆರಡು ಸಲ ಸುತ್ತುತ್ತದೆ. ಜಮೀನು ಕಸಿದುಕೊಂಡ, ಕಂದಾಯ ಹೇರಿದ ಆಡಳಿತದ ಮೇಲಿನ ಸಿಟ್ಟಿನಿಂದ ಅವನ ಪಡೆ ಸರ್ಕಾರಿ ಕಚೇರಿಗಳಿಗೆ, ಅಲ್ಲಿನ ಕಾಗದಪತ್ರಗಳಿಗೆ ಬೆಂಕಿಯಿಟ್ಟ ಸಂಗತಿಗೆ ಆ ಪೋಸ್ಟರಿನಲ್ಲಿ ಜಾಗವಿಲ್ಲ. ಬಂಡಾಯದ ಕಾರಣ ಇರುವುದೇ ಆ ಸಿಟ್ಟಿನಲ್ಲಿ.