ಒಂಬತ್ತನೇ ದಿನದ ಬೆಳಕು

ಮೈಸೂರಿನ ಹಳೆಯ ಅಗ್ರಹಾರದ ಆ ಮನೆಗೆ ಕಾಲಿಟ್ಟೊಡನೆ ನಮ್ಮನ್ನು ಎದುರುಗೊಳ್ಳುವುದು ಬಾಣಂತಿ ಕೋಣೆಯ ವಾಸನೆ. ಹರಳೆಣ್ಣೆ, ಹುರಿದ ಬೆಳ್ಳುಳ್ಳಿ, ಕಕ್ಕಿದ ಹಾಲಿನ ತುಸು ಹುಳಿ, ಬೆಳಗ್ಗೆ ಹಾಕಿದ ಸಾಂಬ್ರಾಣಿಯ ಉಳಿಕೆ, ಎಲ್ಲ ಬೆರೆತ ಬೆಚ್ಚನೆಯ ವಾಸನೆ. ಬಚ್ಚಲಿನ ಹಂಡೆಯಲ್ಲಿ ನೀರು ಇನ್ನೂ ಹಬೆಯಾಡುತ್ತಿದೆ. ಎಣ್ಣೆ ತಿಕ್ಕಿಸಿಕೊಂಡು, ಎರೆಸಿಕೊಂಡು, ಅತ್ತು ಸುಸ್ತಾದ ಕೂಸು ಅಮ್ಮನ ಮಡಿಲಲ್ಲಿ ಗುಟುಕು ಗುಟುಕಾಗಿ ಹಾಲು ಕುಡಿಯುತ್ತಿದೆ.

ಫೋಟೋ ತೆಗೆಯಲು ಬಂದ ಹುಡುಗಿಗೆ ಆತುರವೇ ಇಲ್ಲ. ಉಂಗುರ, ಬಳೆ, ಗಡಿಯಾರ ಕಳಚಿ ಚೀಲಕ್ಕೆ ಹಾಕಿದಳು. ಮೊಣಕೈವರೆಗೆ ಸೋಪು ಹಚ್ಚಿ ತೊಳೆದಳು. ಸಾಂಬ್ರಾಣಿ ಹೊಗೆ ಪೂರ್ತಿ ಹೋಗಲೆಂದು ಕಿಟಕಿ ತೆರೆದು, ಸ್ವಲ್ಪ ಹೊತ್ತಿನ ಮೇಲೆ ಮುಚ್ಚಿದಳು. ಫ್ಯಾನು ನಿಂತಿತು. ಟ್ಯೂಬ್‌ಲೈಟು ಆರಿತು. ಕೋಣೆಗೀಗ ಇರುವುದು ಪೂರ್ವದ ಕಿಟಕಿಯೊಂದರ ಬೆಳಕು ಮಾತ್ರ. ಅದೂ ಚುರುಕೆನಿಸಿ, ಮನೆಯ ಯಜಮಾನರ ಬಿಳಿ ಪಂಚೆಯೊಂದನ್ನು ಕೇಳಿ ಪಡೆದು ಸರಳುಗಳಿಗೆ ಕಟ್ಟಿದಳು. ಚೂಪು ಬಿಸಿಲು ಪಂಚೆಯೊಳಗೆ ಸೋಸಿ, ಕೆನೆಹಾಲಿನಂತೆ ಹಾಸಿಗೆಯ ಮೇಲೆ ಹರಡಿತು. ಹಾಸಿಗೆಯ ಹಸಿರು ಜಮಖಾನವನ್ನು ಸುತ್ತಿ ಬದಿಗಿಟ್ಟಳು. ಹತ್ತಿರದ ಬಟ್ಟೆಯ ಬಣ್ಣ ಕೂಸಿನ ಕೆನ್ನೆಗೆ ಹತ್ತುತ್ತದೆ. ಟ್ಯೂಬ್‌ಲೈಟಿನ ಬಣ್ಣ ಬಿಸಿಲಿನ ಬಣ್ಣದೊಡನೆ ಸೇರಿದರೆ ಮೊದಲೇ ತುಸು ಹಳದಿಯಿರುವ ಎಳೆ ಚರ್ಮ ಇನ್ನಷ್ಟು ಬಾಡಿದಂತೆ ಕಾಣುತ್ತದೆ.

ಅಜ್ಜಿ ಕಾಡಿಗೆಯ ಡಬ್ಬಿ ತಂದರು. ‘ಕಣ್ಣಿಗೆ ಬೇಡ ಅಂದಿದಾರಮ್ಮ ಡಾಕ್ಟ್ರು’ ಎಂದಳು ಬಾಣಂತಿ. ರಾಜಿಯಾಗಿ ಅಂಗಾಲಿಗೊಂದು ದೃಷ್ಟಿಬೊಟ್ಟು ಬಿತ್ತು.

ಕೂಸು ತೇಗಿತು. ರೆಪ್ಪೆ ಜಾರಿತು. ಹುಡುಗಿ ಕೆಳಗಿಡಲು ಹೋದದ್ದೇ ತಡ, ಯಾರೋ ತಳ್ಳಿದಂತೆ ಎರಡೂ ಕೈ ಚೆಲ್ಲಿ ಬೆಚ್ಚಿತು. ಕೆಳಗೆ ಬೀಳುತ್ತಿದ್ದೇನೆ ಅನ್ನಿಸಿದಾಗ ಹಸುಗೂಸುಗಳೆಲ್ಲ ಹೀಗೆ ಬೆಚ್ಚುತ್ತವೆ. ನಾಲ್ಕಾರು ತಿಂಗಳಲ್ಲಿ ತಾನಾಗಿ ಮಾಯವಾಗುವ ಗುಣ ಅದು. ಅಜ್ಜಿಯ ಹಳೇ ಹತ್ತಿ ಸೀರೆಯ ತುಂಡಿನಲ್ಲಿ, ಕಾಲು ಮಡಚಲು ಜಾಗ ಬಿಟ್ಟು, ಕೈಗಳನ್ನು ಎದೆಗೆ ಅವುಚಿ ಸುತ್ತಿದ ಮೇಲೆ ಉಸಿರು ನಿಧಾನವಾಯಿತು. ಮುಷ್ಟಿ ಸಡಿಲವಾಗುವವರೆಗೂ ಎಲ್ಲರೂ ಕಾದೆವು. ಗಟ್ಟಿ ನಿದ್ದೆಯ ಗುರುತು ಅದೇ. ಹುಟ್ಟಿದ ಐದಾರು ದಿನದಿಂದ ಎರಡು ವಾರದೊಳಗೆ ಬನ್ನಿ ಎಂದು ಈ ಕಸುಬಿನವರು ಕರೆಯುವುದೂ ಈ ನಿದ್ದೆಗಾಗಿಯೇ. ಹೊಟ್ಟೆಯೊಳಗೆ ಮುದುಡಿದ್ದ ಭಂಗಿ ಆಗಿನ್ನೂ ಮೈಗೆ ಮರೆತಿರುವುದಿಲ್ಲ.

ಆಮೇಲಷ್ಟೇ ಕ್ಯಾಮೆರಾ ಹೊರಬಂತು, ಅದರ ಪಟ್ಟಿ ಮೊದಲು ಕೊರಳಿಗೆ ಬಂತು. ಕೂಸಿನ ಮೇಲೆ ಬಾಗುವವರ ಕೈಯಿಂದ ಏನೂ ಜಾರಕೂಡದು. ತಲೆ ಕಿಟಕಿಯ ಕಡೆಗೆ ಓರೆಯಾಗಿರುವಂತೆ ಕೂಸನ್ನು ತಿರುಗಿಸಿದಳು. ಬೆಳಕು ಹಣೆಯಿಂದ ಇಳಿದು ಮೂಗು, ತುಟಿ ಸವರಿ ಗಲ್ಲದ ಕೆಳಗೆ ಸಣ್ಣ ನೆರಳಾಗಿ ನಿಂತಿತು. ಇದೇ ಬೆಳಕು ಗಲ್ಲದ ಕಡೆಯಿಂದ ಮೇಲಕ್ಕೆ ಹತ್ತಿದ್ದರೆ ಮುದ್ದು ಮುಖ ನಾಟಕದ ರಾಕ್ಷಸನದಾಗುತ್ತಿತ್ತು. ಫ್ಲ್ಯಾಶ್ ಇಲ್ಲ. ಎಫ್ 2.8ರಲ್ಲಿ, ಸೆಕೆಂಡಿನ 1/160 ಭಾಗದಲ್ಲಿ, ಹತ್ತಿರದ ಕಣ್ಣಿನ ರೆಪ್ಪೆಗೂದಲಿಗೆ ಗುರಿಯಿಟ್ಟು ಒಂದೊಂದೇ ಕ್ಲಿಕ್. ಮೂಗಿನ ಮೇಲಿನ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳು, ಭುಜದ ಮೇಲಿನ ನವಿರು ಕೂದಲು, ಸುಲಿಯುತ್ತಿರುವ ಹಿಮ್ಮಡಿಯ ಸಿಪ್ಪೆ, ಬೊಟ್ಟಿನ ಸಮೇತ ಅಂಗಾಲು. ಕೆಲವೇ ವಾರಗಳಲ್ಲಿ ಕಾಣದಂತಾಗುವ ಸಂಪತ್ತಿದು. ಎರಡು ಗಂಟೆಯಲ್ಲಿ ಮೂರು ಸಲ ಹಾಲು, ಎರಡು ಸಲ ಒದ್ದೆ ಬಟ್ಟೆ, ಒಂದು ಸಲ ಜೋರು ಅಳು. ಪ್ರತಿ ಸಲವೂ ಕ್ಯಾಮೆರಾ ಪಕ್ಕಕ್ಕೆ ಸರಿಯಿತು.

ಅಪ್ಪ ಮೊಬೈಲು ಮುಂದೆ ಹಿಡಿದ. ಎರಡೂ ಅಂಗೈ ಮೇಲೆ ಗಲ್ಲವೂರಿ ಮಲಗಿದ ಮಗುವಿನ ಚಿತ್ರ. ‘ಇಂಥದ್ದೊಂದು ಬೇಕಿತ್ತು.’ ಹುಡುಗಿ ನಕ್ಕಳು. ಕತ್ತು ನಿಲ್ಲದ ಕೂಸು ಹಾಗೆ ಕೂರುವುದುಂಟೇ? ಒಂದು ಚಿತ್ರದಲ್ಲಿ ದೊಡ್ಡವರ ಕೈ ತಲೆಯನ್ನು ಹಿಡಿದಿರುತ್ತದೆ, ಇನ್ನೊಂದರಲ್ಲಿ ಮಣಿಕಟ್ಟನ್ನು. ಎರಡನ್ನೂ ಕಂಪ್ಯೂಟರಿನಲ್ಲಿ ಜೋಡಿಸಿ ಆ ಕೈಗಳನ್ನು ಅಳಿಸುತ್ತಾರೆ. ಪಳಗಿದವರಲ್ಲದೆ ಬೇರೆಯವರು ಮಾಡಿ ನೋಡುವಂಥದ್ದಲ್ಲ.

ಈ ಅಳಿಸುವಿಕೆ ಹೊಸದೂ ಅಲ್ಲ. 19ನೇ ಶತಮಾನದಲ್ಲಿ ಒಂದು ಚಿತ್ರ ಮೂಡಲು ಹಲವು ಸೆಕೆಂಡು ಬೇಕಿದ್ದಾಗ, ಇಂಗ್ಲೆಂಡು–ಅಮೆರಿಕದ ಸ್ಟುಡಿಯೋಗಳಲ್ಲಿ ಮಗುವನ್ನು ಅಲುಗದಂತೆ ಹಿಡಿಯಲು ತಾಯಿಯೇ ಕೂರುತ್ತಿದ್ದಳು, ಅವಳ ಮೇಲೊಂದು ಬಟ್ಟೆ ಹೊದಿಸಿ ಕುರ್ಚಿಯಂತೆ ಕಾಣಿಸುತ್ತಿದ್ದರು. ಆ ಚಿತ್ರಗಳಲ್ಲಿ ಇಂದು ನಮ್ಮ ಕಣ್ಣು ಹೋಗುವುದು ಮಗುವಿನ ಹಿಂದಿನ ಆ ಬಟ್ಟೆಯ ಗುಡ್ಡೆಯತ್ತ.

ನಮ್ಮ ಬಾಣಂತಿಯೂ ಬೆಳಗ್ಗೆಯಿಂದ ಮೂಲೆಯಲ್ಲೇ. ತಲೆಗೆ ಕಟ್ಟಿದ ಬಟ್ಟೆ, ಕಿವಿಗೆ ಹತ್ತಿ, ನಿದ್ದೆಗೆಟ್ಟ ಕಣ್ಣು. ‘ಅಯ್ಯೋ, ನಾನು ಬೇಡ, ಹೆಂಗಿದೀನಿ ನೋಡಿ.’ ಹುಡುಗಿ ಬಲವಂತ ಮಾಡಲಿಲ್ಲ. ಕೂಸನ್ನು ಅವಳ ಭುಜಕ್ಕೆ ಒರಗಿಸಿ, ಕಿಟಕಿಯ ಪಕ್ಕ ಕೂರಿಸಿ, ತಾನು ಸುಮ್ಮನೆ ಹಿಂದೆ ಸರಿದಳು. ಮಗುವಿನ ನೆತ್ತಿ ಮೂಸುತ್ತ ಅಮ್ಮ ಕ್ಯಾಮೆರಾವನ್ನೇ ಮರೆತಾಗ ಸದ್ದಿಲ್ಲದೆ ಒಂದು ಕ್ಲಿಕ್.

ಕೊನೆಗೆ ಅಜ್ಜಿ ಸೀರೆಯ ಮಡಿಕೆ ಸರಿಮಾಡಲು ಬಾಗಿದರು. ನರ ಉಬ್ಬಿದ ಆ ತೋರುಬೆರಳು ತಾಕಿದ್ದೇ ಕೂಸು ನಿದ್ದೆಯಲ್ಲೇ ಅದನ್ನು ಮುಷ್ಟಿಗಟ್ಟಿ ಹಿಡಿಯಿತು. ಅಜ್ಜಿ ಬಿಡಿಸಿಕೊಳ್ಳಲು ನೋಡಿದರು, ಕೂಸು ಬಿಡಲಿಲ್ಲ.

‘ನನ್ನ ಕೈ ಬಿತ್ತೇನಮ್ಮಾ ಫೋಟೋದಲ್ಲಿ?’

‘ಬಿತ್ತು ಅಜ್ಜಿ. ಅದಕ್ಕೇ ತೆಗೆದಿದ್ದು.’